ತಡವಾಗಿ ಹೊತ್ತುವುದು

"ಗುರುಗಳೇ, ಹುಲ್ಲು ಥಟ್ಟನೆ ಹೊತ್ತುವುದು ಅನ್ನುತ್ತೀರಿ, ಉಣ್ಣೆ ತಡವಾಗಿ ಹೊತ್ತುವುದು ಅನ್ನುತ್ತೀರಿ. ಕೊನೆಗೆ ಎರಡೂ ಬೂದಿಯೇ ಆಗುವಾಗ ಎರಡು ಮಾತು ಯಾಕೆ ಬೇಕು?" ಎಂದು ಶಿಷ್ಯ ಮರುಳಯ್ಯ ಕೇಳಿದ. ಮಠದ ಉಗ್ರಾಣದಲ್ಲಿ ಯಾವುದನ್ನು ಒಲೆಯಿಂದ ಎಷ್ಟು ದೂರ ಇಡಬೇಕೆಂದು ಗುರುಗಳು ಅವನಿಗೆ ತೋರಿಸಿಕೊಡುತ್ತಿದ್ದರು.

"ಕೆಲಸ ತಪ್ಪಿಸಿಕೊಳ್ಳುವುದಕ್ಕೆ ಒಳ್ಳೆಯ ಪ್ರಶ್ನೆಯನ್ನೇ ಹುಡುಕಿದ್ದೀಯ. ಕೂತುಕೋ, ಹೇಳುತ್ತೇನೆ" ಎಂದರು ಗುರುಗಳು.

ಒಬ್ಬ ರೈತ ಗೊಬ್ಬರಕ್ಕೆಂದು ತನ್ನ ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡಿದ್ದ. ಮಂದೆಯ ಜೊತೆ ಬಂದ ಕುರುಬ, ಬಣವೆಯ ಪಕ್ಕದ ತೊಟ್ಟಿಲಲ್ಲಿ ರೈತನ ಹಸುಗೂಸು ಚಳಿಗೆ ನಡುಗುವುದನ್ನು ಕಂಡು ತನ್ನ ಕಂಬಳಿ ಕೊಟ್ಟ. ತಾಯಿ ಅದನ್ನೇ ತೊಟ್ಟಿಲ ಮೇಲೆ ಹೊದಿಸಿದಳು. ರೈತನಿಗೆ ಸರಿಬರಲಿಲ್ಲ. ಕಂಬಳಿ ಒರಟು, ಮೇಲಾಗಿ ಕುರಿಯ ವಾಸನೆ. ಹೊಸ ಹತ್ತಿಬಟ್ಟೆ ಹೊದಿಸು ಎಂದು ಎರಡು ಸಲ ಹೇಳಿದ. ಅವಳು ಹೂಂ ಅಂದಳು, ಬದಲಿಸಲಿಲ್ಲ.

ಮರುದಿನ ಆ ಪುಣ್ಯಾತ್ಮ ರೈತ ಗಾಳಿ ಎತ್ತ ಬೀಸುತ್ತಿದೆ ಎಂದೂ ನೋಡದೆ ಕಬ್ಬಿನ ಒಣಗರಿಗೆ ಬೆಂಕಿ ಇಟ್ಟ. ಕಿಡಿ ಹಾರಿ ಬಣವೆಗೆ ಬಿತ್ತು. ಕಣ್ಣುಮುಚ್ಚಿ ತೆರೆಯುವುದರೊಳಗೆ ಬಣವೆ ಧಗಧಗ ಉರಿಯಿತು. ತಾಯಿ ಹೊಲದ ಆ ತುದಿಯಲ್ಲಿದ್ದಳು. ತೊಟ್ಟಿಲ ಮೇಲೆ ಕಿಡಿ ಸುರಿಯಿತು. ಕಂಬಳಿ ಹೊಗೆಯಾಡಿತು, ಕಮಟು ನಾರಿತು, ಅಲ್ಲಲ್ಲಿ ತೂತಾಯಿತು. ಉರಿ ಮಾತ್ರ ಏಳಲಿಲ್ಲ. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿಬಂದು ಮಗುವನ್ನು ಎತ್ತಿಕೊಂಡಳು. ಆಮೇಲೆ ಬಣವೆ ಕುಸಿದು ಬಿದ್ದು ತೊಟ್ಟಿಲೂ ಕಂಬಳಿಯೂ ಸುಟ್ಟುಹೋದವು.

ಸಂಜೆ ರೈತ ಕುರುಬನ ಮುಂದೆ ಹೋಗಿ ನಿಂತ.

"ಅಣ್ಣಾ, ನಿನ್ನ ಕಂಬಳಿ ಬೂದಿಯಾಯಿತು."

"ಬೆಂಕಿಗೆ ಬಿದ್ದದ್ದು ಸುಡದೆ ಇರುತ್ತದೆಯೇ? ಮಗು ಹಾಲು ಕುಡಿಯಿತಾ, ಅದನ್ನು ಹೇಳು" ಎಂದ ಕುರುಬ.

ರೈತ ಅವನ ಕಾಲು ಹಿಡಿದುಕೊಂಡು ಅತ್ತುಬಿಟ್ಟ. ತನ್ನ ಜನ್ಮದಲ್ಲಿ ಯಾರ ಋಣವೂ ಅಷ್ಟು ದೊಡ್ಡದೆಂದು ಅವನಿಗೆ ಅನ್ನಿಸಿರಲಿಲ್ಲ.

ಕತೆ ಮುಗಿಯಿತು. "ಹಾಗಾದರೆ ಮಗುವನ್ನು ಉಳಿಸಿದ್ದು ಕಂಬಳಿ ಅನ್ನಿ" ಎಂದ ಮರುಳಯ್ಯ.

"ಉಳಿಸಿದವಳು ತಾಯಿ. ಅವಳು ಬಂದು ತಲುಪುವಷ್ಟು ಹೊತ್ತು ಕಂಬಳಿ ತಡೆಯಿತು, ಅಷ್ಟೇ" ಎಂದು ಗುರುಗಳು ಎದ್ದು ನಿಂತು ಶಿಷ್ಯನಿಗೆ ಕೈ ಮುಗಿದರು. ಅವನು ಗಾಬರಿಯಾಗಿ ಹಿಂದೆ ಸರಿದ.

"ಮೊನ್ನೆ ಊಟದ ಪಂಕ್ತಿಯಲ್ಲಿ ಎಲ್ಲರೆದುರು ನಿನ್ನನ್ನು ಕಳ್ಳ ಅಂದೆನಲ್ಲ ಮರುಳಯ್ಯ, ತಪ್ಪು ನನ್ನದೇ ಎಂದು ನನಗೆ ತಿಳಿಯುವ ತನಕ ನೀನು ಉರಿದೇಳದೆ ತಡೆದುಕೊಂಡೆ."