ಅಧ್ಯಕ್ಷರ ಭಾಷಣ ಬರೆದ ಕಂಪ್ಯೂಟರ್

ಕನ್ನಡ ನಾಡಿನಿಂದ ದೂರದ ಒಂದೂರಿನಲ್ಲಿ ಒಂದು ಕನ್ನಡ ಸಂಘ. ಅದರ ಅಧ್ಯಕ್ಷ ರಘೋತ್ತಮ ರಾಯರು ಮಾತಿಗೆ ತೊಡಗಿದರೆ ಬೇರೆಯವರಿಗೆ ಕೆಮ್ಮಲೂ ಬಿಡುವಿಲ್ಲ. ಆಡಿದ ಮಾತನ್ನು ಕಂಪ್ಯೂಟರೇ ಬರೆದುಕೊಳ್ಳುವ ಪ್ರೋಗ್ರಾಂ ತರಿಸಿ, ಟೈಪಿಸ್ಟ್ ಇಂದುಮತಿಯನ್ನು ಕರೆದರು.

"ಇವತ್ತಿನ ಸಭೆಯಲ್ಲಿ ಇದು ನನ್ನ ಭಾಷಣ ಬರೀಬೇಕು. ಬರೀದಿದ್ರೆ ನಾಳೆಯಿಂದ ಬರಬೇಡಿ."

"ಬರೆದರೆ, ಸರ್?"

"ಬರೆದರೆ ಟೈಪಿಸ್ಟ್ ಯಾಕ್ರೀ ಬೇಕು?"

ಸಭೆ ಸೇರಿತು. ರಾಯರು ಕಿವಿಗೆ ಮೈಕು ಸಿಕ್ಕಿಸಿಕೊಂಡು ಮಾತಾಡಿದರು. ಎಲ್ಲರ ಕಾಫಿ ಆರಿತು. ಪರದೆ ಮಾತ್ರ ಖಾಲಿ.

"ಏನ್ರೀ ಇದು? ಒಂದಕ್ಷರ ಇಲ್ಲ!"

"ಅದಕ್ಕೆ ಮರ್ಯಾದೆ ಗೊತ್ತು, ಸರ್. ದೊಡ್ಡವರ ಮಾತು ಮುಗಿಯುವ ತನಕ ಕಾಯುತ್ತೆ. ತಾವು ಸುಮ್ಮನಾದ ಮೇಲೆ ಬರೆಯುತ್ತೆ."

ರಾಯರಿಗೆ ಬಹಳ ಸಂತೋಷವಾಯಿತು. ತುಟಿ ಬಿಗಿದು ಕುಳಿತರು. ಅಕ್ಷರಗಳು ನಿಧಾನವಾಗಿ ಮೂಡತೊಡಗಿದವು. ಅಂಥ ನಿಶ್ಶಬ್ದವನ್ನು ಆ ಸಂಘ ಕಂಡೇ ಇರಲಿಲ್ಲ.

ಇಂದುಮತಿ ಖಜಾಂಚಿ ಚೆನ್ನವೀರಪ್ಪನವರತ್ತ ತಿರುಗಿದಳು. "ಸರ್, ಬಿಡುವಾಗಿದೆಯಲ್ಲ, ನನ್ನ ಕೆಲಸ ಕಾಯಂ ಮಾಡುವ ವಿಷಯ ತೆಗೆದುಕೊಳ್ಳಬಹುದೇ?"

"ಧಾರಾಳವಾಗಿ! ಯಾರದಾದರೂ ವಿರೋಧ ಇದೆಯೇನ್ರಪ್ಪಾ?"

ಸದಸ್ಯರು ಇಲ್ಲವೆಂದು ತಲೆಯಾಡಿಸಿದರು. ರಾಯರು ಬಾಯಿ ತೆರೆದರು.

"ತಡೀರಿ ಸರ್," ಎಂದಳು ಇಂದುಮತಿ. "ಬರೀತಾ ಇದೆ. ತಾವು ಮಾತಾಡಿದರೆ ಮರ್ಯಾದೆಗೆ ನಿಂತುಬಿಡುತ್ತೆ."

ರಾಯರು ಪರದೆ ನೋಡಿದರು, ಇಂದುಮತಿಯನ್ನು ನೋಡಿದರು, ಬಾಯಿ ಮುಚ್ಚಿದರು.

"ಅಧ್ಯಕ್ಷರ ವಿರೋಧವೂ ಇಲ್ಲ. ನಿರ್ಣಯ ಪಾಸಾಯಿತು," ಎಂದರು ಖಜಾಂಚಿ.

ಕಂಪ್ಯೂಟರ್ ಆಗಿನ್ನೂ "ವೇದಿಕೆಯ ಮೇಲಿರುವ ಗಣ್ಯರೇ" ಎಂಬಲ್ಲಿತ್ತು.