ಮಸಿ ಕೈಯವರ ಪಂಕ್ತಿ

ಏಳು ಕೆರೆ, ಏಳು ದಿಬ್ಬ ದಾಟಿದರೆ ಒಂದು ಸೀಮೆ. ಆ ಸೀಮೆಗೊಬ್ಬ ಅರಸ, ಅರಸನಿಗೊಬ್ಬ ಮಂತ್ರಿ, ಹೆಸರು ತಿಪ್ಪರಸ. ಅರಮನೆಯ ಊಟಕ್ಕೆ ಕೂರುವ ಮುಂಚೆ ಎಲ್ಲರ ಅಂಗೈ ನೋಡುವುದು ಈ ಮಂತ್ರಿ ತಂದ ಪದ್ಧತಿ. ಬೆಳ್ಳಗಿದ್ದರೆ ಪಂಕ್ತಿ. ಮಸಿ ಹಿಡಿದಿದ್ದರೆ ಹೊರಗೆ, ಚಪ್ಪಲಿ ಬಿಡುವ ಜಾಗ. ಮಸಿ ಕೈ ಮುಟ್ಟಿದ್ದೆಲ್ಲ ಮೈಲಿಗೆಯಂತೆ! ಅವನ ಭಾವಮೈದುನ ಪರಸೀಮೆಯ ಕಬ್ಬಿಣದ ಸಾಮಾನು ತಂದು ಮಾರುತ್ತಿದ್ದ ನೋಡಿ, ಊರ ಕುಲುಮೆ ಆರಿದಷ್ಟೂ ಮನೆಗೆ ಲಾಭ.

ಊರಲ್ಲಿ ಉಳಿದಿದ್ದು ಒಂದೇ ಕುಲುಮೆ, ಮುದುಕ ಮೌನಾಚಾರಿಯದು. ಬೆಂಕಿಗೆ ಗಾಳಿ ಊದುವ ತಿದಿ ಒತ್ತಲೂ ಜನವಿಲ್ಲ. ಅರಸ ಡಂಗುರ ಸಾರಿಸಿದ, "ಕಬ್ಬಿಣದ ಕೆಲಸ ಕಲಿಯಿರಿ, ನಾಡಿಗೆ ಬೇಕು." ಯಾರೂ ಬರಲಿಲ್ಲ. "ಕಲಿತರೆ ತಲೆಗೆ ರುಮಾಲು" ಅಂದ. ಬರಲಿಲ್ಲ. "ಬೆಳ್ಳಿ ಕಡಗ" ಅಂದ. ಬಂದದ್ದು ಒಬ್ಬಳೇ, ಹೂವಾಡಿಗರ ದ್ಯಾಮಿ. ಅದೂ ಕಡಗಕ್ಕಲ್ಲ. ಕೆಂಪಗೆ ಕಾದ ಕಬ್ಬಿಣ ಹೇಳಿದ ಹಾಗೆ ಬಾಗುವುದನ್ನು ಕಿಂಡಿಯಿಂದ ನೋಡಿ ನೋಡಿ ಅವಳ ಕೈ ಜುಮ್ಮೆನ್ನುತ್ತಿತ್ತು.

"ಹೂ ಕಟ್ಟೋ ಕೈಗೆ ಸುತ್ತಿಗೆಯಾ? ಗಂಡು ಸಿಗಲ್ಲ ಕಣೆ" ಅಂದಳು ಅವ್ವ.

"ಸಿಗದಿದ್ರೆ ಎರಕ ಹೊಯ್ದು ಒಂದು ಮಾಡ್ಕೋತೀನಿ ಬಿಡವ್ವ."

ಮೊದಲು ಮೊಳೆ ಬಡಿದಳು. ಆಮೇಲೆ ಕುಡುಗೋಲು. ಆಮೇಲೆ ಅರಮನೆಯ ಅಡುಗೆಮನೆಗೆ ಸೌಟು. ಓರಗೆಯವರು ಬಾಗಿಲಲ್ಲಿ ನಿಂತು, "ನಮಗೂ ಆಸೆ ಕಣೇ, ಆದರೆ ಚಪ್ಪಲಿ ಪಕ್ಕ ಉಣ್ಣೋರು ಯಾರು?" ಅಂತ ಹೋಗಿಬಿಡುತ್ತಿದ್ದರು.

"ಇಬ್ಬರಿಂದ ಊರಿನ ನೇಗಿಲು ಆಗಲ್ಲ ಮಗಳೇ" ಅಂದ ಮೌನಾಚಾರಿ. "ಹಬ್ಬದೊಳಗೆ ಇನ್ನು ನಾಲ್ಕು ಜನ ಬರದಿದ್ರೆ ಕುಲುಮೆ ಮುಚ್ಚೋದೇ."

ಹಬ್ಬ ಬಂತು, ಅರಮನೆಯಲ್ಲಿ ಊರಿಗೆಲ್ಲ ಊಟ. ದ್ಯಾಮಿ ಕೈ ಉಜ್ಜಲಿಲ್ಲ. ಹಾಗೇ ಹೋಗಿ ಪಂಕ್ತಿಯ ನಡುವೆ ಕೂತಳು.

"ಏಳೇ, ಮಸಿ ಕೈಯವಳೇ" ಅಂದ ತಿಪ್ಪರಸ.

ದ್ಯಾಮಿ ಎದ್ದಳು. "ಏಳ್ತೀನಿ ಮಂತ್ರಿಗಳೇ. ನಾನು ಮುಟ್ಟಿದ್ದೂ ಮೈಲಿಗೆ ತಾನೇ? ಅದನ್ನೂ ತಗೊಂಡು ಹೋಗ್ತೀನಿ."

ತಾನೇ ಬಡಿದ ಅನ್ನದ ಸೌಟು ತಗೊಂಡಳು. ಸಾರಿನ ಸೌಟು ತಗೊಂಡಳು. ಪಾಯಸದ ಸೌಟೂ ತಗೊಂಡಳು. ಅಡುಗೆಯವರು ಬರಿಗೈಯಲ್ಲಿ ನಿಂತರು.

ಅರಸನ ಹೊಟ್ಟೆ ಗುರುಗುಟ್ಟಿತು. "ಬಡಿಸೋರು ಯಾರಪ್ಪ ತಿಪ್ಪರಸ?"

"ಸೌಟು ಯಾಕೆ ಪ್ರಭು, ನಾನಿಲ್ಲವೇ?" ಮಂತ್ರಿ ಬೆಚ್ಚಗಿದ್ದ ಪಾಯಸದ ಕೊಪ್ಪರಿಗೆಯನ್ನು ತಬ್ಬಿ ಎತ್ತಿ ಬಗ್ಗಿಸಿದ. ಪಾಯಸ ಎಲೆ ಬಿಟ್ಟು ಅರಸನ ಮಡಿಲಿಗೆ ಬಿತ್ತು.

ದ್ಯಾಮಿ ಬಾಗಿಲಿಂದಲೇ ಕೇಳಿದಳು, "ಮಂತ್ರಿಗಳೇ, ಅಂಗೈ ತೋರಿಸ್ತೀರಾ?"

ಅವನು ಕೈ ಹಿಂದಕ್ಕೆ ಕಟ್ಟಿದ. ರೇಷ್ಮೆ ಶಲ್ಯದ ಮೇಲೆ ಹತ್ತು ಬೆರಳೂ ಕಪ್ಪಗೆ ಮೂಡಿದವು. ಒಲೆ ಮೇಲೆ ಕೂತಿದ್ದ ಕೊಪ್ಪರಿಗೆ, ಮಸಿ ಬಿಟ್ಟೀತೇ?

"ಪದ್ಧತಿ ನಿಂದೇ" ಅಂದ ಅರಸ. "ನಡಿ, ಚಪ್ಪಲಿ ಹತ್ತಿರ." ಆಮೇಲೆ ದ್ಯಾಮಿಯ ಕಡೆ ತಿರುಗಿ, "ಬಾ ಮಗಳೇ, ಕೂತು ಉಣ್ಣು" ಅಂದ.

ಅವಳು ಕೂರಲಿಲ್ಲ. "ಇವತ್ತೊಂದು ಊಟಕ್ಕಾದ್ರೆ ಕೂರಲ್ಲ ಪ್ರಭು. ನಾಳೆಗೂ ಕೂರಬಹುದು, ನಾಡಿದ್ದೂ ಕೂರಬಹುದು, ನನ್ನಂಥೋರೆಲ್ಲ ಕೂರಬಹುದು ಅನ್ನಿ. ಅಲ್ಲೀವರೆಗೆ ಸೌಟು ನನ್ನ ಹತ್ರಾನೇ ಇರಲಿ."

ಅಂಟು ಮಡಿಲಿನ ಅರಸ, "ಹಾಗೇ ಆಗಲಿ" ಅಂದ.

ಮಾರನೇ ಬೆಳಿಗ್ಗೆ ಕುಲುಮೆಯ ಮುಂದೆ ತಿದಿ ಒತ್ತಲು ನಾ ಮೊದಲು, ತಾ ಮೊದಲು ಅಂತ ಜಗಳ.

ಕೇಳಿದಿರಾ ಮಕ್ಕಳೇ? ಕೆಲಸ ಕಲಿಯಿರಿ ಅಂತ ಡಂಗುರ ಹೊಡೆದರೆ ಯಾರೂ ಬರುವುದಿಲ್ಲ. ಕಲಿತವರಿಗೆ ಪಂಕ್ತಿಯಲ್ಲಿ ಎಲೆ ಹಾಕಿ, ಕರೆಯದೆಯೇ ಬರುತ್ತಾರೆ.