ಮಾತ್ರೆ ನಿಲ್ಲಿಸಿದ ನೇಕಾರ

ಶಿಷ್ಯ ಕೇಳಿದ: "ಗುರುಗಳೇ, ಶಸ್ತ್ರವೈದ್ಯನ ಕೈ ಎಲ್ಲಿಯೂ ತಪ್ಪದಿದ್ದರೂ ರೋಗಿಗೆ ಕೇಡಾಗುವುದುಂಟೇ?"

ಗುರುಗಳು ನಲವತ್ತು ವರ್ಷ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಮಾಡಿದವರು. ಈಗ ಕಲಿಸುವುದಕ್ಕಷ್ಟೇ ಆಸ್ಪತ್ರೆಗೆ ಬರುತ್ತಿದ್ದರು. ಶಿಷ್ಯ ಆ ವಿದ್ಯೆಯ ಕೊನೆಯ ವರ್ಷದಲ್ಲಿದ್ದ. ಅವನ ಕೈ ಬಲು ಚುರುಕು. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮೂವತ್ತು ವರ್ಷ ಸೀರೆ ನೇಯ್ದವನು. ಕಾಲು ತುಳಿದರೆ ನೂಲು ಎರಡು ಸಾಲಾಗಿ ಬಾಯಿ ಬಿಡುತ್ತದೆ, ಬಿಟ್ಟ ನೂಲಿನ ನಡುವೆ ಕೈ ಲಾಳಿ ಎಸೆಯುತ್ತದೆ. ಎರಡರಲ್ಲಿ ಒಂದು ಹೋದರೂ ಸೀರೆಯಿಲ್ಲ. ಅವನ ಸೊಂಟದ ಮೂಳೆಗಳ ನಡುವೆ ನರಗಳು ಸಿಕ್ಕಿಕೊಂಡು ಕಾಲುಗಳು ದಿನದಿನಕ್ಕೆ ಸೋಲುತ್ತಿದ್ದವು.

ಅವನಿಗೆ ಇನ್ನೊಂದು ಕಾಯಿಲೆಯೂ ಇತ್ತು. ಹೃದಯ ಲಯ ತಪ್ಪಿ ಬಡಿಯುತ್ತಿತ್ತು. ಅಂಥ ಹೃದಯದ ಮೂಲೆಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಹಾಗಾಗದಿರಲೆಂದು ಅವನು ದಿನಕ್ಕೊಂದು ಮಾತ್ರೆ ನುಂಗುತ್ತಿದ್ದ.

ಅವನನ್ನು ನೋಡಿದ ವೈದ್ಯ ಬಲು ಸಮರ್ಥನೇ. ಅಂಥ ಮಾತ್ರೆ ನುಂಗುವವನ ಬೆನ್ನು ಕೊಯ್ದರೆ ರಕ್ತ ನಿಲ್ಲುವುದಿಲ್ಲ, ಒಳಗೇ ತುಂಬಿ ನರವನ್ನು ಅದುಮುತ್ತದೆ. ಅದಕ್ಕೇ ಐದು ದಿನ ಮೊದಲು ಮಾತ್ರೆ ನಿಲ್ಲಿಸಿದ. 'ಆಪರೇಶನ್ ಆಗುವವರೆಗೆ ಬೇಡ' ಎಂದು ಚೀಟಿಯಲ್ಲಿ ಬರೆದ. ಬರೆದದ್ದು ಸರಿಯಾಗಿಯೇ ಇತ್ತು.

ಸೋಮವಾರ ಬಂತು. ಅಂದು ಅಮಾವಾಸ್ಯೆ. ನೇಕಾರನ ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು.

"ಸಾಹೇಬ್ರ, ಅಮಾಸಿ ದಿನ ಬೆನ್ನಿಗೆ ಕತ್ತಿ ಹಾಕಬ್ಯಾಡ್ರಿ. ಮನ್ಯಾಗ ದುಡಿಯಾಂವ ಇವ ಒಬ್ಬನ ಅದಾನ."

ವೈದ್ಯ ನಕ್ಕ. "ಆಗಲಿ ತಾಯಿ, ನಿಮ್ಮ ಅಮಾವಾಸ್ಯೆ ಕಳೆಯಲಿ. ಮುಂದಿನ ಸೋಮವಾರ ಮಾಡೋಣ."

ಮರುದಿನವೇ ಏಕೆ ಮಾಡಲಿಲ್ಲ ಎನ್ನುತ್ತೀಯಾ? ಆ ಆಸ್ಪತ್ರೆಯಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ವಾರಕ್ಕೊಂದೇ ದಿನ, ಸೋಮವಾರ. ಅಕ್ಕನಿಗೊಂದು ಪಂಚಾಂಗವಿದ್ದರೆ ಆಸ್ಪತ್ರೆಗೂ ಒಂದಿತ್ತು. ನೇಕಾರ ಅದೇ ಚೀಟಿ ಹಿಡಿದು ಮನೆಗೆ ಹೋದ.

ಹೆಂಡತಿ ಕೇಳಿದಳು: "ಆಪರೇಶನ್ ಮುಂದ ಹೋತಲ್ಲ, ಗುಳಗಿ ತಗೊಳಂಗಿಲ್ಲೇನ್ರಿ?"

"ಆಪರೇಶನ್ ಆಗೂತನಕ ಬ್ಯಾಡ ಅಂತ ಡಾಕ್ಟರ್ ಬರದಾರ. ಅವರ ಮಾತು ಮೀರಬಾರ್ದು," ಎಂದ ನೇಕಾರ.

ಪಾಪ, ಅವನಷ್ಟು ವಿಧೇಯ ರೋಗಿಯನ್ನು ನಾನು ಕಂಡಿಲ್ಲ.

ಮುಂದಿನ ಸೋಮವಾರ ವೈದ್ಯ ಬೆನ್ನು ತೆರೆದ. ನರದ ಮೇಲೆ ಕೂತಿದ್ದ ಮೂಳೆಯನ್ನು ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಕೆತ್ತಿ ತೆಗೆದ. ಕೊನೆಯ ಚೂರು ಬಂದೊಡನೆ, ಸತ್ತಂತೆ ಬಿದ್ದಿದ್ದ ನರದ ಪೊರೆ ಮೆಲ್ಲಗೆ ಮಿಡಿಯಿತು. ಹೃದಯ ಎಲ್ಲೋ ಮೇಲೆ ಬಡಿಯುತ್ತಿದೆ, ಇಲ್ಲಿ ಸೊಂಟದಲ್ಲಿ ಪೊರೆ ಏಳುತ್ತಿದೆ, ಇಳಿಯುತ್ತಿದೆ. ಅದನ್ನು ಕಂಡವನು ಉಳಿ ಕೆಳಗಿಟ್ಟು ನೋಡುತ್ತಾನೆ. ಎಷ್ಟು ಸಲ ಕಂಡರೂ ಅಷ್ಟೇ. ಆಳಕ್ಕೆ ಕೊಯ್ದಿದ್ದರೂ ರಕ್ತ ತಾನಾಗಿ ನಿಂತಿತು. ವೈದ್ಯ ಹಿಗ್ಗಿದ.

ಮಂಗಳವಾರ ನೇಕಾರನ ಕಾಲ್ಬೆರಳು ಆಡಿದವು. ಮಂಚದ ತುದಿಗೆ ಪಾದ ಒತ್ತಿ, ಮಗ್ಗ ತುಳಿದಂತೆ ತುಳಿದು ನೋಡಿದ. ಅಕ್ಕ ಅತ್ತಳು, ಅವನೂ ಅತ್ತ. ಗಾಯ ಇನ್ನೂ ಹಸಿ, ಎರಡು ದಿನ ಹೋಗಲಿ ಎಂದು ಮಾತ್ರೆಯನ್ನು ವೈದ್ಯ ಇನ್ನೂ ಕೊಟ್ಟಿರಲಿಲ್ಲ.

ಬುಧವಾರ ಬೆಳಿಗ್ಗೆ ಚಹಾದ ಲೋಟ ನೇಕಾರನ ಬಲಗೈಯಿಂದ ಜಾರಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಅಕ್ಕಾ ಎಂದು ಕರೆಯಹೋದ, ಬರೀ ಗಾಳಿ ಬಂತು.

ವೈದ್ಯ ಓಡಿ ಬಂದ. ಮಿದುಳಿನ ಚಿತ್ರದಲ್ಲಿ ಒಂದು ರಕ್ತನಾಳ ನಡುವೆಯೇ ಮುಚ್ಚಿಹೋಗಿತ್ತು. ಮುಚ್ಚಿದ್ದು ಹೆಸರುಕಾಳಿನಷ್ಟು ಹೆಪ್ಪು. ಅದನ್ನು ಕರಗಿಸುವ ಔಷಧ ಕಪಾಟಿನಲ್ಲೇ ಇತ್ತು. ಕೊಟ್ಟರೆ ಬೆನ್ನಿನ ಹಸಿಗಾಯದಲ್ಲಿ ರಕ್ತ ತುಂಬಿ, ಮೊನ್ನೆ ಬಿಡಿಸಿದ ನರವೇ ಮತ್ತೆ ಅದುಮಿಹೋದೀತು. ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ಆಸ್ಪತ್ರೆ ಏಳು ಗಂಟೆಯ ದಾರಿ. ಕಳಿಸಿದರು. ತಲುಪುವಷ್ಟರಲ್ಲಿ ಹೊತ್ತು ಮೀರಿತ್ತು.

ಇತ್ತ ವೈದ್ಯ ಖಾಲಿ ಮಂಚದ ಬಳಿ ನಿಂತು ಬೆರಳು ಮಡಿಸಿ ಎಣಿಸಿದ. ಮೊದಲ ಐದು, ನಡುವಿನ ಏಳು, ಆಮೇಲಿನ ಎರಡು. ಒಟ್ಟು ಹದಿನಾಲ್ಕು ದಿನ ಮಾತ್ರೆಯಿಲ್ಲ. ಐದನ್ನು ಅವನು ಯೋಚಿಸಿಯೇ ಬರೆದಿದ್ದ. ಹದಿನಾಲ್ಕನ್ನು ಯಾರೂ ಬರೆದಿರಲಿಲ್ಲ. ಬೆನ್ನಿನಲ್ಲಿ ಅಷ್ಟು ಅಂದವಾಗಿ ನಿಂತ ರಕ್ತವೂ ಅದೇ, ಮಿದುಳಿನ ದಾರಿಗೆ ಅಡ್ಡ ಕೂತ ರಕ್ತವೂ ಅದೇ. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಹೆದರಿಕೆಯೋ, ಬೆರಗೋ, ಹೇಳಲಾರೆ.

ನೇಕಾರ ಬದುಕಿದ. ಆರು ತಿಂಗಳ ಮೇಲೆ ತನ್ನ ಕಾಲ ಮೇಲೆ ತಾನೇ ನಡೆದು ಹೋಗಿ ಮಗ್ಗದಲ್ಲಿ ಕೂತ. ಕಾಲು ತುಳಿದವು, ನೂಲು ಬಿಟ್ಟಿತು. ಲಾಳಿ ಎಸೆಯುವ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ತಡಮಾಡಲಿಲ್ಲ.

"ಹಾಗಾದರೆ ತಪ್ಪು ಆ ಅಕ್ಕನದೇ ಅಲ್ಲವೇ ಗುರುಗಳೇ? ಅಮಾವಾಸ್ಯೆ ಎಂದು ತಡೆದವಳು ಅವಳು. ವೈದ್ಯ ಅವಳ ಮಾತಿಗೆ ಕಾದ, ಅಷ್ಟೇ."

ಗುರುಗಳು ಅವನ ಮುಖವನ್ನೇ ನೋಡಿದರು.

"ಎಲ್ಲರೂ ಸೋಮವಾರಕ್ಕೆ ಕಾದರಪ್ಪ; 'ನೀನೂ ಸ್ವಲ್ಪ ಕಾಯಿ' ಎಂದು ನೇಕಾರನ ರಕ್ತಕ್ಕೆ ಹೇಳಿದವರು ಯಾರು?"